ಎರಡು ಬಡಿತ ಬಿದ್ರ ಹಿಂದಿನ ಸಾಲಿಗೆ ನೀರು

ಲೇಔಟಿನ್ಯಾಗ ಮನಿ ಕಟ್ಟಿಸೇವಿ ಅಂದಕೂಡ್ಲೇ ನಮ್ಮ ಬೀಗರು ದೊಡ್ಡ ಗೇಟು, ವಾಚ್‌ಮನ್ನು, ಕಾರಂಜಿ ಎಲ್ಲಾ ಐತಿ ಅಂತ ತಿಳ್ಕೊಂಡಬಿಟ್ಟಾರ. ಅದಕ್ಕ ಮೊದ್ಲ ಹೇಳಿಬಿಡ್ತೇನಿ. ಹಾನಗಲ್ಲಿಂದ ತಡಸದ ಕಡೆ ಹೊಂಟ್ರ ಊರು ದಾಟಿದ ಮ್ಯಾಲೆ ಗೋವಿನಜ್ವಾಳದ ಹೊಲ, ಅದರ ಮಗ್ಗಲಕ ಎರಡು ಸಾಲು ಮನಿ. ಅಷ್ಟ. ಹೊಲಾನ ಪ್ಲಾಟ್ ಮಾಡಿ ಮಾರಿದಾಂವ ಆಮ್ಯಾಲೆ ಈ ಕಡೆ ತಲಿ ಹಾಕಿಲ್ಲ. ನಮಗ ಎಲ್ಲಾರಿಗೂ ಕೂಡಿ ಅಂವ ಬಿಟ್ಟು ಹೋಗಿದ್ದು ಒಂದು ಬೋರು, ಒಂದು ನೀರಿನ ಟಾಕಿ, ಮನಸ್ಸು ಬಂದಾಗ ಹತ್ತೋ ಲೈಟು, ಆಮ್ಯಾಲೆ ಒಂದು ಪಾರ್ಕು. ಪಾರ್ಕು ಅಂತ ಬೋರ್ಡ್ ಐತಿ. ಬೋರ್ಡಿನ ಹಿಂದ ಮುಳ್ಳುಕಂಟಿ ಐತಿ.

ಇದನ್ನೆಲ್ಲಾ ನೋಡ್ಕೊಳ್ಳಾಕ ನಾವೊಂದು ಸಂಘ ಮಾಡ್ಕೊಂಡೇವಿ. ರವಿವಾರ ಟಾಕಿ ಬುಡಕ ಮೀಟಿಂಗು. ಅವರವರ ಖುರ್ಚಿ ಅವರವರ ತರಬೇಕು. ಸಿಟ್ಟಿಗೆದ್ದು ಹೋಗಾವ್ರಿಗೆ ಇದರಾಗ ಬಾಳ ತ್ರಾಸು, ಯಾಕಂದ್ರ ಖುರ್ಚೀನೂ ಹೊತಗೊಂಡು ಹೋಗಬೇಕಲ್ಲ. ಅರ್ಧ ದಾರಿಗೆ ಸಿಟ್ಟು ಇಳಿದು ವಾಪಸ್ ಬಂದು ಕುಂತಾವ್ರನ್ನ ನಾ ನೋಡೇನಿ. ಗೊಬ್ಬರದ ಅಂಗಡಿ ಸಾವಕಾರ್ರು ಅಧ್ಯಕ್ಷರು. ನಾ ಯಾವ ಹುದ್ದೇದಾಗೂ ಇಲ್ಲ, ಬರೇ ಬಾಯಿ ಐತಿ.

ನೀರು ಬಿಡೋದು ಕಾಕಾನ ಕೆಲಸ. ಕಾಕಾ ಅಂದ್ರ ನಮ್ಮ ಬಾಜೂ ಮನ್ಯಾವ್ರು. ಸರಕಾರಿ ಬಸ್ಸಿನ್ಯಾಗ ಕಂಡಕ್ಟರ್ ಆಗಿ ರಿಟೈರ್ ಆದವ್ರು. ನಾ ಮಾಸೂರಿಂದ ಹಿರೇಕೆರೂರಿಗೆ ಕಾಲೇಜಿಗೆ ಹೊಕ್ಕಿದ್ದೆ ನೋಡ್ರಿ, ಆವಾಗ ನಮ್ಮ ಗಾಡಿಗೆ ಇವರ ಕಂಡಕ್ಟರು. ಬಾಗಲದಾಗ ಜೋತುಬಿದ್ದ ಹುಡುಗರನ್ನ ಮೊದ್ಲ ಒಳಗ ನೂಕಿ, ನಮಗ ಹೆಣಮಕ್ಕಳಿಗೆ ಡ್ರೈವರ್ ಹಿಂದಿನ ಸೀಟು ಬಿಡಿಸಿಕೊಡ್ತಿದ್ರು. ಇಷ್ಟು ವರ್ಷ ಆದಮ್ಯಾಲೆ ಇಬ್ಬರೂ ಒಂದ ಗ್ವಾಡಿಯ ಆಚಿ ಈಚಿ ಬಂದು ಬೀಳ್ತೇವಿ ಅಂತ ಯಾರಿಗೆ ಗೊತ್ತಿತ್ತು?

ಟಾಕಿ ಬುಡಕ ಒಂದು ಗುಂಡಿ, ಅದರಾಗ ಎರಡು ವಾಲು. ಒಂದು ಮುಂದಿನ ಸಾಲಿಂದು, ಒಂದು ಹಿಂದಿನ ಸಾಲಿಂದು. ಅವನ್ನ ತಿರುವಾಕ ಉದ್ದಾನ ಕಬ್ಬಿಣದ ಕೀಲಿ. ಕಾಕಾ ಮುಂಜಾನೆ ಸ್ವೆಟರ್ ಹಾಕ್ಕೊಂಡು, ಬಾಯಾಗ ಸವಣೂರ ವೀಳ್ಯದೆಲಿ ಮಡಚಿ ಇಟ್ಕೊಂಡು ಬಂದು ಮುಂದಿನ ವಾಲು ಬಿಡ್ತಿದ್ರು. ಬಿಟ್ಟು ಅದ ಕೀಲೀಲೆ ಟಾಕಿಯ ಕಬ್ಬಿಣದ ಏಣಿಗೆ ಒಂದು ಬಡಿತ. ಠಣ್. ಅಂದ್ರ ಮುಂದಿನ ಸಾಲಿನವ್ರು ಕೊಡ ಹಚ್ರಿ ಅಂತ. ಮನಿಗೆ ಹೋಗಿ ಚಾ ಕುಡದು ಬಂದು ಹಿಂದಿನ ವಾಲು ಬಿಟ್ಟು ಎರಡು ಬಡಿತ. ಠಣ್ ಠಣ್. ಬಸ್ಸಿನ್ಯಾಗ ರೈಟ್ ಹೇಳಿದಂಗ. ನಮ್ಮ ಲೇಔಟಿನ್ಯಾಗ ಅಲಾರಾಂ ಇಟ್ಕೊಳ್ಳೋ ಮನೀನ ಇಲ್ಲ.

ಕಳೆದ ಛಳಿಗಾಲದಾಗ ಶುರು ಆತು ನೋಡ್ರಿ. ಎರಡು ಬಡಿತ ಕೇಳ್ತಿತ್ತು, ನೀರು ಬರ್ತಿರ್ಲಿಲ್ಲ. ಚಾ ಕುಡದು ವಾಪಸ್ ಬರೋದ್ರೊಳಗ ಕಾಕಾಗ ವಾಲು ಆಗಲೇ ಬಿಟ್ಟೇನಿ ಅನ್ನಿಸಿಬಿಡ್ತಿತ್ತು. ಬಡಿದು ಮನಿಗೆ ಹೋಗಿಬಿಡೋರು. ಹಿಂದಿನ ಸಾಲಿನವ್ರು ನಳದ ಮುಂದ ಕೊಡ ಇಟ್ಕೊಂಡು ಕುಂತದ್ದ ಬಂತು. ಮೊದ್ಲ ನಕ್ಕರು. ಆಮ್ಯಾಲೆ ಕಾಕಾನ್ನ ಕರದು ಹೇಳಿದ್ರು. ಕಾಕಾ ತಲಿ ಕೆರ್ಕೊಂಡು ಬಂದು ಬಿಡ್ತಿದ್ರು.

ಹಿಂದಿನ ಸಾಲಿನ್ಯಾಗ ಅಕ್ಕೋರು ಅದಾರ, ಸಾಲಿ ಕಲಿಸಾವ್ರು. ಅವರ ಮಗಳ ಕುಬಸದ ದಿನ ಹಿಂಗ ಆತು. ಮನಿ ತುಂಬ ಬೀಗರು, ಬಸರಿ ಹುಡುಗಿ ಮಣಿ ಮ್ಯಾಲೆ ಕುಂತಾಳ, ನಳದಾಗ ಬರೇ ಗಾಳಿ. ಅಕ್ಕೋರು ಆ ರವಿವಾರ ಮೀಟಿಂಗಿಗೆ ಖುರ್ಚೀನ ತರಲಿಲ್ಲ, ನಿಂತ ಮಾತಾಡಿದ್ರು. ವಯಸ್ಸಾದವರ ಮ್ಯಾಲೆ ಸಿಟ್ಟಿಲ್ಲ, ಆದ್ರ ಕೀಲಿ ಬ್ಯಾರೇದವರ ಕೈಯಾಗ ಹೋಗಬೇಕು ಅಂದ್ರು. ಕಾಕಾ ಅವತ್ತು ಬಂದಿರ್ಲಿಲ್ಲ. ಸಾವಕಾರ್ರು ಎಲ್ಲಾರ ಮಾರಿ ನೋಡಿದ್ರು. ಯಾರೂ ಇಲ್ಲ ಅನ್ನಲಿಲ್ಲ. ಹಂಗಾರ ಅವರಿಗೆ ಹೇಳೋರು ಯಾರು ಅಂತ ಬಂದಾಗ ಎಲ್ಲಾ ಖುರ್ಚಿ ನನ್ನ ಕಡೆ ತಿರುಗಿದ್ವು. ಇದ್ದದ್ದನ್ನ ಇದ್ದಂಗ ಹೇಳೋ ಬಾಯಿ ನಂದು ಅಂತ ಎಲ್ಲಾರಿಗೂ ಗೊತ್ತಲ್ಲ.

ಹೋದೆ. ಕಾಕಾ ಪಡಸಾಲ್ಯಾಗ ಕುಂತು ಕೀಲಿಗೆ ಕುಸುಬಿ ಎಣ್ಣಿ ಸವರಾಕತ್ತಿದ್ರು, ಮನ್ಯಾಗಿನ ಕೂಸಿಗೆ ಸವರಿದಂಗ. ಕಾಕಾನ ಹೆಂಡ್ತಿ ಕಾಕು ಮಂಡಕ್ಕಿ ಒಗ್ಗರಣಿ ಹಾಕಿ ಕೊಟ್ರು. ತಿಂದೆ. ಚಾ ಕೊಟ್ರು. ಕುಡದೆ. ಛಳಿ ಬಾಳ ಐತ್ರಿ ಕಾಕಾ ಅಂದೆ. ಹೌದವಾ ಅಂದ್ರು. ಎದ್ದು ಬಂದೆ. ನನ್ನ ಬಾಯಿ ಇಷ್ಟ ನೋಡ್ರಿ.

ಕಾಕು ಗೇಟಿನ ತನಕ ಬಂದ್ರು. ನಾ ಯಾಕ ಬಂದಿದ್ದೆ ಅಂತ ಅವರಿಗೆ ಆಗಲೇ ಗೊತ್ತಿತ್ತು.

"ಮುಂಜಾನೆ ಎದ್ದು ಮೊದ್ಲ ಕೇಳೂದು ಕೀಲಿ ಎಲ್ಲೈತಿ ಅಂತ" ಅಂದ್ರು. "ಅದು ಕೈಯಾಗ ಬಂದ್ರ ತಾವು ಯಾರು ಅನ್ನೂದು ಅವರಿಗೆ ತಿಳೀತೈತಿ. ನೀವು ಕಸಗೊಂಡ್ರ, ನಾ ಏನು ಕೊಡ್ಲಿ ತಂಗಿ ಅವರ ಕೈಯಾಗ?"

ಮನಿಗೆ ಬಂದು ನಮ್ಮನ್ಯಾವ್ರ ಡಬ್ಬಿಯಾಗಿನ ನಟ್ಟು ತಿರುವೋ ದೊಡ್ಡ ಪಾನಾ ಹುಡಿಕಿ ಸೀರಿ ಸೆರಗಿನ್ಯಾಗ ಸುತ್ತಿಟ್ಟೆ. ಕಾಕಾಗ ಹೇಳೇನಿ, ನೋಡೋಣು ಅಂದಾರ ಅಂತ ಸಂಘದವ್ರಿಗೆ ಸುಳ್ಳು ಹೇಳಿದೆ. ಮರುದಿನದಿಂದ ಕಾಕಾ ಎರಡು ಬಡಿದು ಮನಿ ಸೇರಿದಕೂಡ್ಲೇ ನಾ ಹೋಗಿ ಗುಂಡ್ಯಾಗ ಬಗ್ಗತಿದ್ದೆ. ಹಿಂದಿನ ಸಾಲಿನ ವಾಲು ಹಳೇದು, ತಿರುವೋದನ್ನ ಒಂದು ಕಡೆ ತಡಿಯೋ ಅದರ ಕಬ್ಬಿಣ ಮುರದು ಹೋಗೇತಿ. ಒಮ್ಮೆ ತಿರುವಿದ್ರ ಬಿಡತೈತಿ, ಅದ ಕಡೆ ಮತ್ತೊಮ್ಮೆ ತಿರುವಿದ್ರ ಬಂದ್ ಆಕ್ಕೈತಿ. ಕಣ್ಣಿಲೆ ನೋಡಿದ್ರ ತಿಳಿಯಾಂಗಿಲ್ಲ. ಪೈಪಿಗೆ ಕಿವಿ ಹಚ್ಚಬೇಕು, ಒಳಗ ಸೊಯ್ ಅಂದ್ರ ನೀರು ಹೊಂಟೈತಿ ಅಂತ. ಸೊಯ್ ಅನ್ನದಿದ್ರ ನಾ ತಿರುವಿ ಬರ್ತಿದ್ದೆ. ಎಲ್ಲಾ ಸುಸೂತ್ರ ನಡೀತು. ಕಾಕಾ ಈಗ ಮೊದಲಿನಂಗ ಆಗ್ಯಾರ ಬಿಡು ಅಂತ ಮಂದಿ ಅನ್ನಾಕತ್ತಿದ್ರು. ನನಗ ಒಳಗೊಳಗ ಬಾಳ ಖುಷಿ.

ಒಂದಿನ ಏನಾತು, ನಾ ಒಲಿ ಮ್ಯಾಲೆ ಹಾಲಿಟ್ಟು ಓಡಿ ಬಂದಿದ್ದೆ. ಉಕ್ಕಿಗಿಕ್ಕಿತು ಅಂತ ಕಿವಿ ಹಚ್ಚಲಿಲ್ಲ, ಸೀದಾ ತಿರುವಿ ಓಡಿದೆ. ಹಾಲು ಉಳೀತು. ಹಿಂದಿನ ಸಾಲಿಗೆ ನೀರು ಹೋಗಲಿಲ್ಲ.

ಸೂರ್ಯ ಮ್ಯಾಲೆ ಬರೋದ್ರೊಳಗ ಹಿಂದಿನ ಸಾಲಿನವ್ರೆಲ್ಲಾ ಖಾಲಿ ಕೊಡ ಹಿಡ್ಕೊಂಡು ಟಾಕಿ ಬುಡಕ ಬಂದು ನಿಂತ್ರು. ಇನ್ನ ಸಾಕು ಕಾಕಾ, ಕೀಲಿ ಕೊಟ್ಟುಬಿಡ್ರಿ ಅಂತ ಯಾರೋ ಅಂದ್ರು. ಕಾಕಾ ಗುಂಡಿ ಬಾಜೂ ಕೀಲಿ ಹಿಡ್ಕೊಂಡು ನಿಂತಿದ್ರು. ಮಾರಿ ಬೆಳ್ಳಗಾಗಿತ್ತು. ಎಲ್ಲಾರನ್ನೂ ಬಿಟ್ಟು ನನ್ನ ನೋಡಿದ್ರು.

"ಇವತ್ತು ನಾ ತಿರುವೇನಿ ತಂಗಿ. ಮರ್ತಿಲ್ಲ. ಈ ಕೈಯಾಗ ಇನ್ನೂ ಅದರ ಥಂಡಿ ಐತಿ ನೋಡು" ಅಂತ ಅಂಗೈ ಚಾಚಿದ್ರು. ಆಮ್ಯಾಲೆ ಸಣ್ಣ ದನಿಯಾಗ, "ತಿರುವೇನೋ ಇಲ್ಲೋ" ಅಂದ್ರು.

ಅಷ್ಟರಾಗ ಅಕ್ಕೋರು ಕೊಡ ಕೆಳಗಿಟ್ಟು ಮುಂದ ಬಂದ್ರು.

"ನೀವು ತಿರುವಿದ್ದು ಖರೇನ ಇರಬೇಕು ಕಾಕಾ" ಅಂದ್ರು. "ನಾನೂ ತಿರುವೇನಿ. ದಿನಾ ನೀರು ಬರೂದು ತಡಾ ಆದ್ರ ಬಂದು ನಾನ ತಿರುವ್ತೇನಿ. ಇವತ್ತೂ ಬಂದಿದ್ದೆ, ಬಿಟ್ಟು ಹೋಗಿದ್ದೆ. ಆಮ್ಯಾಲೆ ಮತ್ತ ಯಾರು ಬಂದ್ ಮಾಡಿದ್ರೋ ಗೊತ್ತಿಲ್ಲ."

ನಾ ಬೆಪ್ಪಾದೆ. ಅಕ್ಕೋರೂ ಬರ್ತಿದ್ರು. ಕಾಕಾ ಬಿಟ್ಟಿದ್ದನ್ನ ಕಿವಿ ಹಚ್ಚದ ನಾ ಬಂದ್ ಮಾಡೇನಿ, ನಾ ಬಂದ್ ಮಾಡಿದ್ದನ್ನ ಅಕ್ಕೋರು ಬಿಟ್ಟಾರ. ನಾ ಇದನ್ನ ಬಾಯಿಬಿಟ್ಟು ಹೇಳಿದೆ. ಹಂಗಾರ ನೀರು ಬರಬೇಕಿತ್ತಲ್ಲ ಅಂತ ಎಲ್ಲಾರೂ ಒಬ್ಬರ ಮಾರಿ ಒಬ್ಬರು ನೋಡಾಕತ್ರು. ಆಗ ಹಿಂದ ವಾಕಿಂಗ್ ಬೂಟು ಹಾಕ್ಕೊಂಡು ನಿಂತಿದ್ದ ಸಾವಕಾರ್ರು ಕೆಮ್ಮಿದ್ರು. ಅವರೂ ಅವತ್ತು ವಾಕಿಂಗ್ ಮುಗಿಸಿ ಹೋಗೋವಾಗ, ಮುದುಕಪ್ಪ ಮರ್ತಿರ್ತಾನ ಪಾಪ ಅಂತ, ಅಂಗಡಿಯಿಂದ ತಂದ ಪಾನಾದ್ಲೆ ಒಂದು ಸುತ್ತು ತಿರುವಿದ್ರಂತ. ಅಕ್ಕೋರು ಬಿಟ್ಟದ್ದು ಮತ್ತ ಬಂದ್. ಮೀಟಿಂಗಿನ್ಯಾಗ ಕೀಲಿ ಕಸಗೋಬೇಕು ಅಂತ ಕುಂತಾವ್ರ ಎಲ್ಲಾರೂ ನೋಡ್ರಿ, ಒಬ್ಬರಿಗೊಬ್ಬರು ಗೊತ್ತಿಲ್ಲದಂಗ ಕಾಕಾನ ಮಾನ ಉಳಿಸಾಕ ಹೋಗಿ ನೀರು ನಿಲ್ಲಿಸಿದ್ವಿ.

ನಾವು ದಿನಾ ತಮ್ಮ ಹಿಂದ ಬಂದು ವಾಲು ನೋಡ್ತಿದ್ವಿ ಅನ್ನೋದು ಕಾಕಾಗ ಆಗ ತಿಳೀತು. ಅದು ಅವರ ಮಾರಿ ಮ್ಯಾಲೆ ಬಂದು ಹೋದದ್ದನ್ನ ನಾ ನೋಡಿದೆ. ಏಣಿ ಹಿಡ್ಕೊಂಡು ನಿಂತ್ರು. ಆಮ್ಯಾಲೆ ನಮ್ಮ ಮೂವರನ್ನೂ ಹಳೇ ಕಂಡಕ್ಟರ್ ಕಣ್ಣಿಲೆ ನೋಡಿ, "ಟಿಕೆಟ್ ಇಲ್ಲದ ಇಷ್ಟು ಮಂದಿ ಹತ್ತೀರೇನು ನನ್ನ ಗಾಡಿ" ಅಂದ್ರು.

ಯಾರೋ ನಕ್ಕರು. ಕಾಕಾ ನಗಲಿಲ್ಲ. ಕೀಲಿ ತಂದು ನನ್ನ ಕೈಯಾಗ ಇಟ್ರು.

"ತಿರುವೋದು ನೀವ ತಿರುವ್ರಿ. ಕಂಡಕ್ಟರ್ ಸ್ಟೇರಿಂಗ್ ಹಿಡದದ್ದು ಯಾವ ಗಾಡ್ಯಾಗರ ನೋಡೀಯೇನು? ಅದು ಡ್ರೈವರ್ ಕೆಲಸ. ರೈಟ್ ಹೇಳೋದು ನಂದು. ನಾ ಹೇಳೂತನಕ ಗಾಡಿ ಬಿಡಾಂಗಿಲ್ಲ."

ಅವತ್ತಿಂದ ಹಿಂಗ ನಡದೈತಿ. ಒಂದು ವಾರ ನಾ, ಒಂದು ವಾರ ಅಕ್ಕೋರು, ಒಂದು ವಾರ ಸಾವಕಾರ್ರು. ಕೀಲಿ ಕಾಕಾನ ಮನ್ಯಾಗ ಇರತೈತಿ. ಮುಂಜಾನೆ ಕಾಕು ಅದನ್ನ ಅವರ ಕೈಯಾಗ ಕೊಟ್ಟು ಕಳಿಸ್ತಾರ. ಕಾಕಾ ಬಂದು ನಮ್ಮ ಕೈಯಾಗ ಕೊಡ್ತಾರ, ನಾವು ಸಾಲಿನ ಪ್ರಕಾರ ತಿರುವಿ, ಕಿವಿ ಹಚ್ಚಿ ಕೇಳಿ, ವಾಪಸ್ ಕೊಡ್ತೇವಿ, ಅವರು ಬಡೀತಾರ. ಆ ಮುರದ ವಾಲು ಬದಲಿ ಮಾಡೋಣು ಅಂತ ಪ್ರತಿ ಮೀಟಿಂಗಿನ್ಯಾಗೂ ಮಾತು ಬರತೈತಿ. ಮಾಡಿಲ್ಲ. ಯಾರೂ ಅವಸರ ಮಾಡೂದಿಲ್ಲ.

ಈ ವಾರ ನಂದು ಪಾಳಿ. ಕಾಕಾಗ ಕೆಲವು ದಿನ ನಾ ಯಾರು ಅಂತ ಗೊತ್ತಿರತೈತಿ, ಕೆಲವು ದಿನ ಇರೂದಿಲ್ಲ. ನಿನ್ನೆ ಮಂಜು ಬಿದ್ದಿತ್ತು, ಗೋವಿನಜ್ವಾಳದ ಹೊಲ ಕಾಣವಲ್ದಾಗಿತ್ತು. ಹಿಂದಿನ ವಾಲು ತಿರುವಿ, ಸೊಯ್ ಅನ್ನೂದನ್ನ ಕೇಳಿ ಎದ್ದೆ. ಕೀಲಿ ವಾಪಸ್ ಇಸಗೊಂಡು ಕಾಕಾ ಬಡೀಲಿಲ್ಲ. ನನ್ನ ಮಾರೀನ ನೋಡಾಕತ್ತಿದ್ರು.

"ಎಲ್ಲಿ ಇಳೀತಿ?" ಅಂದ್ರು.

"ಮಾಸೂರು ಕಾಕಾ."

"ಇನ್ನೂ ದೂರ ಐತಿ. ನಿಂದರಬ್ಯಾಡ, ಡ್ರೈವರ್ ಹಿಂದ ಸೀಟ್ ಐತಿ, ಕುಂತ್ಕೋ."

ಗುಂಡಿ ಬಾಜೂ ಕಟ್ಟಿ ಮ್ಯಾಲೆ ಕುಂತೆ. ನಾ ಸರಿಯಾಗಿ ಕುಂತೇನೋ ಇಲ್ಲೋ ಅಂತ ಒಮ್ಮೆ ಹೊಳ್ಳಿ ನೋಡಿದ್ರು. ಆಮ್ಯಾಲೆ ಎರಡು ಬಡಿದ್ರು. ಹಿಂದಿನ ಸಾಲಿನ್ಯಾಗ ಕೊಡದ ಸಪ್ಪಳ ಶುರು ಆತು.