ಬೆಂಕಿಗೂ ಕವಾಯತು ಬೇಕೆ?

ಕವಾಯತು ಎಂದರೆ ನನಗೆ ಮೊದಲಿನಿಂದಲೂ ಆಗದು. ಇದನ್ನು ನಾಚಿಕೆಯಿಂದ ಹೇಳುತ್ತಿಲ್ಲ, ಕೊಂಚ ಜಂಬದಿಂದಲೇ ಹೇಳುತ್ತಿದ್ದೇನೆ. ನಾಲ್ಕು ಜನ ಒಟ್ಟಿಗೆ ನಡೆಯಬೇಕಾದರೆ ಹರಟೆ ಹೊಡೆಯುತ್ತ ನಡೆಯಬೇಕೇ ಹೊರತು, ಎಡ ಬಲ ಎಂದು ಕೂಗಿಸಿಕೊಂಡು ಅಲ್ಲ ಎಂಬುದು ನನ್ನ ಸಿದ್ಧಾಂತ. “ನಿಮಗೆ ಎಡಗಾಲು ಯಾವುದು ಅಂತ ಗೊತ್ತಿದ್ರೆ ತಾನೇ?” ಎಂದು ನನ್ನ ಹೆಂಡತಿ ಕೇಳುತ್ತಾಳೆ. ಅವಳು ಸಿದ್ಧಾಂತಗಳ ಗೋಜಿಗೆ ಹೋಗುವವಳಲ್ಲ.

ಚೀನಾದವರು ಗಡಿಯಲ್ಲಿ ಗಲಾಟೆ ಎಬ್ಬಿಸಿದ ವರ್ಷ, ಮೈಸೂರಿನ ನಮ್ಮಂಥವರಿಗೂ ದೇಶಸೇವೆಯ ಹುಮ್ಮಸ್ಸು ಬಂತು. ಬಾಂಬು ಬಿದ್ದರೆ ಬೆಂಕಿ ಆರಿಸುವುದು ಹೇಗೆಂದು ಊರಿನ ಜನಕ್ಕೆ ಕಲಿಸುತ್ತಿದ್ದರು. ಕಾಲೇಜಿನಲ್ಲಿ ಚರಿತ್ರೆ ಹೇಳುವ ನಾನೂ ಹೆಸರು ಕೊಟ್ಟೆ. ಮರಳು ತುಂಬಿದ ಬಕೆಟ್ಟು ಹಿಡಿದು ನಿಲ್ಲುವುದು ಮಹಾ ವಿದ್ಯೆಯೇನಲ್ಲ ಎಂದುಕೊಂಡಿದ್ದೆ. ಅಲ್ಲಿ ಹೋದರೆ ಅಗ್ನಿಶಾಮಕ ಠಾಣೆಯ ಅಧಿಕಾರಿ ಚಿಕ್ಕೇಗೌಡರ ಕೈಗೆ ಸಿಕ್ಕಿಬಿದ್ದೆ.

ಗೌಡರು ಮಹಾರಾಜರ ಪಲ್ಟನ್ನಿನಲ್ಲಿದ್ದವರು. ಸಂಸ್ಥಾನ ಹೋಗಿ ಪಲ್ಟನ್ನು ಕರಗಿದ ಮೇಲೆ ಬೆಂಕಿ ಆರಿಸುವ ಕೆಲಸಕ್ಕೆ ಬಂದರು; ಬರುವಾಗ ಪಲ್ಟನ್ನನ್ನೂ ಜೊತೆಗೇ ತಂದುಬಿಟ್ಟರು. ಠಾಣೆಯಲ್ಲಿ ಯಾರಿಗೂ ಹೆಸರಿಲ್ಲ. ಒಬ್ಬ ನಂಬರ್ ಒಂದು, ಇನ್ನೊಬ್ಬ ನಂಬರ್ ಎರಡು. ಬೆಳಿಗ್ಗೆ ಹಿತ್ತಾಳೆಯ ನಳಿಕೆಗಳು ಮುಖ ಕಾಣುವ ಹಾಗೆ ಬೆಳಗಿರಬೇಕು. ಬೆಂಕಿ ಬಿದ್ದ ಜಾಗಕ್ಕೆ ಹೋದರೂ ಮೊದಲು ಸಾಲಾಗಿ ನಿಂತು ನಂಬರು ಕೂಗಬೇಕು. “ಗೌಡ್ರೇ, ಬೆಂಕಿಗೆ ಬೇಕಾದ್ದು ನೀರು. ಸಲ್ಯೂಟ್ ಹೊಡೆದ್ರೆ ಅದು ಆರುತ್ತೇನ್ರೀ?” ಎಂದೆ. ಅವರು ನಕ್ಕು, “ಮೇಷ್ಟ್ರೇ, ಬೂಟಿನ ಲಾಡಿ ಬಿಚ್ಕೊಂಡದೆ, ಕಟ್ಕಳಿ” ಎಂದರು.

ಮೇಷ್ಟರ ಬಾಯಿ ಹೀಗೆ ಮುಚ್ಚಿಸಿದರೆ ಅವರು ಹೋಗುವುದು ಪುಸ್ತಕ ಭಂಡಾರಕ್ಕೆ. ನಾನೂ ಹೋದೆ. ಗೌಡರ ಹುಚ್ಚು ಗೌಡರೊಬ್ಬರದೇ ಅಲ್ಲವೆಂದು ಅಲ್ಲಿ ತಿಳಿಯಿತು. ಪುರಾತನ ರೋಮ್ ನಗರದಲ್ಲಿ ಬಕೆಟ್ಟು ಹಿಡಿದು ರಾತ್ರಿ ಗಸ್ತು ತಿರುಗುವವರಿಗೂ ದಳ, ದಳಪತಿ ಎಲ್ಲ ಇತ್ತಂತೆ. ಪ್ಯಾರಿಸ್ಸಿನಲ್ಲಿ ನಾಚ್ ಪಾರ್ಟಿಯೊಂದಕ್ಕೆ ಬೆಂಕಿ ಬಿದ್ದು, ಅಲ್ಲೇ ಇದ್ದ ಚಕ್ರವರ್ತಿ ರೇಗಿ, ಊರಿನ ಬೆಂಕಿ ಪಡೆಯನ್ನೇ ಸೈನ್ಯಕ್ಕೆ ಸೇರಿಸಿದ. ಇವತ್ತಿಗೂ ಅವರು ಸಿಪಾಯಿಗಳೇ. ಲಂಡನ್ನಿನವರು ಹಡಗಿನ ನಾವಿಕರನ್ನು ಹುಡುಕಿ ಹುಡುಕಿ ಸೇರಿಸಿಕೊಂಡರು. ಹಗ್ಗ ಹತ್ತುವುದೂ ಹೇಳಿದ ಮಾತು ಕೇಳುವುದೂ ಅವರಿಗೆ ರೂಢಿ. ಜಪಾನಿನಲ್ಲಿ ಒಬ್ಬ ಬಾವುಟದಂಥ ಕಂಬ ಹಿಡಿದು ಉರಿಯುವ ಮನೆಯ ಪಕ್ಕದ ಮಾಡಿನ ಮೇಲೇ ನಿಂತಿರುತ್ತಿದ್ದ. ಅವನು ಕದಲದೆ ಕೆಳಗಿನವರು ಕದಲುವಂತಿಲ್ಲ. ನನಗೆ ಹಿಡಿಸಿದವರು ಹಳೆಯ ಅಮೆರಿಕದವರು. ಅವರು ಊರಿನ ಗೆಳೆಯರೇ ಸೇರಿ ಗುಂಪು ಕಟ್ಟಿಕೊಂಡು, ಓಟು ಹಾಕಿ ನಾಯಕನನ್ನು ಆರಿಸುತ್ತಿದ್ದರಂತೆ. ಎಂಥ ಪ್ರಜಾಪ್ರಭುತ್ವ! ಆದರೆ ಮುಂದಿನ ಪುಟ ತಿರುವಿದರೆ, ನೀರಿನ ನಲ್ಲಿ ಯಾವ ಗುಂಪಿಗೆ ಸೇರಬೇಕೆಂದು ಅವರು ಬೀದಿಯಲ್ಲಿ ಹೊಡೆದಾಡುವಾಗ ಮನೆಯ ಪಾಡಿಗೆ ಮನೆ ಉರಿಯುತ್ತಿತ್ತು ಎಂದಿತ್ತು. ಆ ಪುಟವನ್ನು ಗೌಡರಿಗೆ ಹೇಳಬೇಕಾಗಿಲ್ಲ ಎಂದು ತೀರ್ಮಾನಿಸಿದೆ.

ಮಿಕ್ಕಿದ್ದನ್ನೆಲ್ಲ ಹೇಳಲು ಒಂದು ಮಧ್ಯಾಹ್ನ ಠಾಣೆಗೆ ಹೋಗಿ ಕೂತಿದ್ದೆ. ಟೆಲಿಫೋನು ಬಂತು. ಗೌಡರು ಕೇಳಿಸಿಕೊಂಡು, ಎಂದಿನ ಪದ್ಧತಿಯಂತೆ ಎಲ್ಲರಿಗೂ ಕೇಳುವ ಹಾಗೆ ಗಟ್ಟಿಯಾಗಿ ವಿಳಾಸ ಹೇಳಿದರು: “ಕುಂಬಾರಕೊಪ್ಪಲು, ಮಾರಿಗುಡಿ ಹಿಂದಿನ ಬೀದಿ, ಕೊನೇ ಮನೆ. ಅಡಿಗೆಮನೆ ಸೋಗೆಗೆ ಬೆಂಕಿ. ಒಳಗೆ ವಯಸ್ಸಾದ ಹೆಂಗಸು.” ನಾನೂ ಬಕೆಟ್ಟಿನ ವೀರನೆಂಬ ಹಕ್ಕಿನ ಮೇಲೆ ಬಂಡಿ ಹತ್ತಿದೆ. ಗಂಟೆ ಬಾರಿಸುತ್ತ ಹೋಗುವಾಗ ಪಕ್ಕದಲ್ಲಿ ಕುಳಿತಿದ್ದ ನಂಬರ್ ಮೂರು ನನ್ನ ಕಿವಿಯಲ್ಲಿ, “ಅದು ನಮ್ ಸಾಹೇಬ್ರ ಮನೇನೇ ಸಾ. ಒಳಗಿರೋದು ಅವರವ್ವ” ಎಂದ. ನಾನು ಕತ್ತೆತ್ತಿ ನೋಡಿದೆ. ಮುಂದೆ ಕುಳಿತಿದ್ದ ಗೌಡರ ಬೆನ್ನು ನೆಟ್ಟಗೇ ಇತ್ತು.

ಇಳಿದರು, ಸಾಲಾಗಿ ನಿಂತರು, ನಂಬರು ಕೂಗಿದರು. ನೆರೆದ ಜನ ಬಯ್ದರು. ನಾಲ್ವರು ಒಳಗೆ ನುಗ್ಗಿದರು, ಉಳಿದವರು ಹೊರಗೆ ನೀರು ಹಿಡಿದರು. ಗೌಡರು ಬೀದಿಯಲ್ಲೇ ನಿಂತರು. ಮುಖ್ಯಸ್ಥನಾದವನು ಒಳಗೆ ಹೋಗಬಾರದು, ಎಲ್ಲವೂ ಕಾಣುವ ಕಡೆ ನಿಲ್ಲಬೇಕು. ಅದು ಪಲ್ಟನ್ನಿನ ಕಟ್ಟಳೆ, ಅವರ ಕಟ್ಟಳೆಯೂ ಅದೇ. ಅಷ್ಟರಲ್ಲಿ ನಂಬರ್ ಎರಡು ಕೆಮ್ಮುತ್ತ ಬಾಗಿಲಿಗೆ ಬಂದು, “ಅಜ್ಜಿ ನಡುಮನೇಲಿ ಕಂಬ ತಬ್ಕೊಂಡು ಕೂತವ್ರೆ ಸಾಹೇಬ್ರೇ. ನನ್ ಮಗ ಬಂದ್ರೇನೇ ಏಳೋದು ಅಂತಾರೆ” ಎಂದು ಕೂಗಿದ.

ಸುಳ್ಳೇಕೆ ಹೇಳಲಿ, “ಹೋಗ್ರೀ ಗೌಡ್ರೇ!” ಎಂದು ನಾನೂ ಕಿರುಚಿದೆ. ಗೌಡರ ಬಲಗಾಲು ಒಂದು ಹೆಜ್ಜೆ ಮುಂದೆ ಹೋಯಿತು. ನಾನು ಕಣ್ಣಾರೆ ಕಂಡೆ. ಆಮೇಲೆ ಅದು ತನ್ನ ಜಾಗಕ್ಕೆ ವಾಪಸು ಬಂತು. “ಎತ್ಕೊಂಡು ಬನ್ನಿ. ಹೊಡುದ್ರೆ ಹೊಡುಸ್ಕಳಿ” ಎಂದರು. ಅದೇ ಗಳಿಗೆಗೆ ಗಾಳಿ ತಿರುಗಿ, ಕಿಡಿ ಪಕ್ಕದ ಸೋಗೆ ಮನೆಗಳ ಕಡೆ ಹಾರಿತು. ನಾವೆಲ್ಲ ಬಾಗಿಲನ್ನೇ ನೋಡುತ್ತಿದ್ದೆವು. ಕಿಡಿಯನ್ನು ಕಂಡವರು ಗೌಡರೊಬ್ಬರೇ. ಅವರ ಒಂದು ಕೂಗಿಗೆ ನೀರು ಆ ಕಡೆ ತಿರುಗಿತು. ಇಡೀ ಸಾಲು ಉಳಿಯಿತು. ಅಜ್ಜಿ ನಂಬರ್ ಮೂರರ ಹೆಗಲ ಮೇಲೆ, ಅವನ ಬೆನ್ನಿಗೆ ಗುದ್ದುತ್ತ ಹೊರಗೆ ಬಂದರು.

ಆಗಲೂ ಗೌಡರು ತಾಯಿಯ ಹತ್ತಿರ ಹೋಗಲಿಲ್ಲ. ಬೆಂಕಿ ಪೂರ್ತಿ ಆರಿತು, ಮತ್ತೆ ಸಾಲು, ಮತ್ತೆ ನಂಬರು. ಎಲ್ಲರೂ ಇದ್ದಾರೆಂದು ಖಾತ್ರಿಯಾಯಿತು. “ಡಿಸ್ಮಿಸ್” ಎಂದರು. ಅದಾದ ಮೇಲೆ ಟೋಪಿ ತೆಗೆದು, ಕೆಸರಿನಲ್ಲೇ ತಾಯಿಯ ಮುಂದೆ ಕುಕ್ಕರಿಸಿದರು. ನನಗೆ ಅಳು ಬಂತು, ಹೊಗೆಯ ನೆಪದಲ್ಲಿ ಕಣ್ಣೊರೆಸಿಕೊಂಡೆ.

“ಯಾಕ್ಲಾ ಬರ್ನಿಲ್ಲ ನೀನು?” ಅಜ್ಜಿ ಕೇಳಿದರು.

“ನಾನು ಒಳಗೆ ಬಂದಿದ್ರೆ ನಿಂಗೆ ಒಬ್ಬನೇ ಮಗ ಬತ್ತಿದ್ದ ಕಣವ್ವ. ಹೊರಗೆ ನಿಂತಿದ್ಕೆ ನಾಕ್ ಜನ ಬಂದ್ರು.”

ಅಜ್ಜಿ ಸೆರಗಿನಿಂದ ಮುಖದ ಮಸಿ ಒರೆಸಿಕೊಳ್ಳುತ್ತ ಆ ನಾಲ್ವರನ್ನೂ ಒಬ್ಬೊಬ್ಬರಾಗಿ ನೋಡಿದರು. “ಬಂದ್ರು ಬುಡು. ಬಂದು ನನ್ ಒಲೆ ತುಳುದು ಪುಡಿ ಮಾಡುದ್ರು” ಎಂದು ಗೊಣಗಿ, ಪಕ್ಕದ ಮನೆಯವಳನ್ನು ಕೂಗಿ ಮಜ್ಜಿಗೆ ತರಿಸಿದರು. ಲೋಟಗಳು ಬಂದವು. ನಾಲ್ವರೂ ಕೈ ಚಾಚದೆ, ಅಪ್ಪಣೆಗಾಗಿ ಸಾಹೇಬರ ಮುಖ ನೋಡಿದರು.

ಗೌಡರು ಕೆಸರಿನಿಂದ ಏಳಲೇ ಇಲ್ಲ. “ನನ್ನೇನ್ ನೋಡ್ತೀರಯ್ಯ? ಅವ್ವನ ಆರ್ಡರ್ ಆಗೋಯ್ತಲ್ಲ, ಕುಡೀರಿ” ಎಂದರು.