ನನ್ನ ಮೇಲಿನ ನೋಟಿಸು, ನನ್ನದೇ ಪ್ರಿಂಟರಿನಲ್ಲಿ

“ನೋಟಿಸು ನಿನ್ ಮೇಲೇ ಕಣಮ್ಮ. ಅಂಗಡಿ ಅಡ್ರೆಸ್ಸು ನೀನೇ ಸರ್ಯಾಗಿ ಹಾಕ್ಬುಡು” ಎಂದು ಮಾಯಸಂದ್ರದ ಕೊಬ್ಬರಿ ವ್ಯಾಪಾರಿಯೊಬ್ಬರು ತಾವೇ ಬರೆದ ಹಾಳೆಯನ್ನು ನನ್ನ ಮುಂದಿಟ್ಟರು.

ತುರುವೇಕೆರೆಯಲ್ಲಿ ನನ್ನದು ಕಂಪ್ಯೂಟರ್ ರಿಪೇರಿ ಅಂಗಡಿ. ಟೈಪಿಂಗ್, ಪ್ರಿಂಟೂ ಮಾಡಿಕೊಡುತ್ತೇನೆ. ರಿಪೇರಿಗೆ ಬಿಟ್ಟಿದ್ದ ಅವರ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ನನ್ನ ಕೈಯಲ್ಲೇ ಕೆಟ್ಟು, ತೀರಿಹೋದ ಅವರ ಹೆಂಡತಿಯ ಫೋಟೋಗಳೆಲ್ಲ ಅಳಿಸಿಹೋಗಿದ್ದವು. ಕೋರ್ಟಿಗೆ ಎಳೆಯುತ್ತೇನೆಂದು ಹಿಂದಿನ ವಾರ ಕೂಗಾಡಿ ಹೋಗಿದ್ದರು.

ಹಾಳೆಯಲ್ಲಿ ನಾನು ‘ಬೇಜವಾಬ್ದಾರಿ ಹೆಂಗಸು’ ಎಂದಿತ್ತು. ಒಂದಕ್ಷರವನ್ನೂ ತಿದ್ದದೆ ಟೈಪ್ ಮಾಡಿದೆ, ಯಾಕೆಂದು ಕೇಳಬೇಡಿ. ಅವರು ಕನ್ನಡಕ ಏರಿಸಿ ಎರಡು ಸಲ ಓದಿ, ರುಜು ಹಾಕಿದರು. ಆಮೇಲೆ ಚೀಲದಿಂದ ಮಗಳ ಲ್ಯಾಪ್‌ಟಾಪ್ ತೆಗೆದು ಮೇಜಿನ ಮೇಲಿಟ್ಟರು.

“ಇದು ಆನ್ ಆಗ್ತಿಲ್ಲ. ಇದ್ರಲ್ಲಿ ನಮ್ಮನೆಯವಳ ಫೋಟೋ ನಾಕೈದು ಅವಂತೆ. ಹುಷಾರು ಕಣಮ್ಮ.”

ನಾಲ್ಕನೇ ದಿನ ನೋಟಿಸು ಅಂಚೆಯಲ್ಲಿ ಬಂತು. ಅದೇ ಮಧ್ಯಾಹ್ನ ಲ್ಯಾಪ್‌ಟಾಪಿನಲ್ಲಿ ಫೋಟೋಗಳೂ ಸಿಕ್ಕವು. ತಕ್ಷಣ ಅವರ ನಂಬರು ಒತ್ತಿದೆ. ಅತ್ತ ರಿಂಗಾಗುತ್ತಿತ್ತು; ಫೋನ್ ಎತ್ತುವವರು ನನ್ನ ಗಿರಾಕಿಯೋ, ಎದುರು ಪಾರ್ಟಿಯೋ ಎಂದು ಮಾತ್ರ ನನಗೆ ತಿಳಿಯಲಿಲ್ಲ.