ಬಾಳೆಮಂಡಿ ಹುಚ್ಚಯ್ಯನ ಬೂದಿ

ಕುಮಾರ ಮಚ್ಚು ಬೀಸಿದ್ದು ರಾಣಿಯ ಕುತ್ತಿಗೆಗೆ. ಅದು ಬಿದ್ದದ್ದು ಹುಚ್ಚಯ್ಯನ ಹೆಗಲ ಮೇಲೆ.

ನಂಜನಗೂಡಿನ ಬಾಳೆಮಂಡಿಯಲ್ಲಿ ಬೆಳಗಿನ ವ್ಯಾಪಾರ ಬಿರುಸಾಗಿದ್ದ ಹೊತ್ತು ಅದು. ರಾಣಿ ಗೊನೆಯಿಂದ ಚಿಪ್ಪು ಬಿಡಿಸಿ ಕ್ರೇಟಿಗೆ ತುಂಬುತ್ತ ಕೂತಿದ್ದಳು. ಅವಳ ಗಂಡ ಕುಮಾರ ಗೂಡ್ಸ್ ಆಟೋ ಓಡಿಸುವವನು. ಅವನು ಕುಡಿದು ಬಂದು ಬಡಿಯುವುದನ್ನು ತಾಳಲಾರದೆ ರಾಣಿ ಮಗಳನ್ನು ಕರಕೊಂಡು ತವರು ಸೇರಿದ್ದಳು. ವಾಪಸ್ ಬಾ ಅಂತ ಎರಡು ಸಲ ಹೇಳಿ ಕಳಿಸಿದ್ದ, ಹೋಗಿರಲಿಲ್ಲ. ಮೂರನೇ ಸಲ ತಾನೇ ಬಂದ. ಗೊನೆ ಕಡಿಯುವ ಮಚ್ಚು ದಿಂಡಿನ ರಾಶಿಯ ಮೇಲೆ ಬಿದ್ದಿತ್ತು. ಮಾತಿಲ್ಲ ಕತೆಯಿಲ್ಲ, ಅದನ್ನೇ ಎತ್ತಿಕೊಂಡ.

ಹುಚ್ಚಯ್ಯ ಮಂಡಿಯ ಹಮಾಲಿ. ಹೆಗಲ ಮೇಲಿದ್ದ ಗೊನೆಯನ್ನು ನೆಲಕ್ಕೆಸೆದು ಅಡ್ಡ ಬಂದ. ಮೊದಲ ಏಟಿಗೆ ಹೆಗಲು ಬಾಯ್ಬಿಟ್ಟಿತು. ಎರಡನೆಯದು ಕಿವಿಯ ಕೆಳಗೆ ಇಳಿಯಿತು. ಅವನ ಸೊಂಟದಲ್ಲೂ ಮಚ್ಚಿತ್ತು, ಅದಕ್ಕೆ ಕೈ ಹಾಕಲಿಲ್ಲ. ಕುಮಾರನನ್ನು ಎರಡೂ ತೋಳಲ್ಲಿ ಬಿಗಿಯಾಗಿ ತಬ್ಬಿಕೊಂಡು ನೆಲಕ್ಕೆ ಕೆಡವಿ, ಅವನ ಮೇಲೆಯೇ ಬಿದ್ದುಕೊಂಡ. ಕುಮಾರ ಅಡಿಯಿಂದಲೇ ಬೆನ್ನಿಗೆ ಕೊಚ್ಚುತ್ತಿದ್ದ. ಮಂಡಿಯವರೆಲ್ಲ ಓಡಿಬಂದು ಮಚ್ಚು ಕಿತ್ತುಕೊಂಡ ಮೇಲೂ ಹುಚ್ಚಯ್ಯ ಹಿಡಿತ ಸಡಿಲಿಸಲಿಲ್ಲ. ನಾಲ್ಕು ಜನ ಸೇರಿ ಅವನ ತೋಳು ಬಿಡಿಸಬೇಕಾಯಿತು. ಆಂಬುಲೆನ್ಸ್ ಮೈಸೂರು ರಸ್ತೆ ಹತ್ತುವಷ್ಟರಲ್ಲಿ ಜೀವ ಹೋಗಿತ್ತು.

ಕುಮಾರನನ್ನು ಪೊಲೀಸರು ಎಳೆದುಕೊಂಡು ಹೋದರು. ಹೆಣ ಶವಾಗಾರದಲ್ಲಿ ಬಿದ್ದಿತ್ತು. ಪೇಪರಿನಲ್ಲಿ ಫೋಟೋ ಹಾಕಿಸಿದರೂ ಯಾರೂ ಬರಲಿಲ್ಲ. ಕೊನೆಗೆ ಮಂಡಿ ಯಜಮಾನ ಮಹಾದೇವಸ್ವಾಮಿಯೇ ಜನ ಕೂಡಿಸಿ ಕಪಿಲೆ ದಡದ ಸುಡುಗಾಡಿನಲ್ಲಿ ಸುಡಿಸಿದರು. ಬೂದಿ ತುಂಬಿದ ಮಡಕೆಗೆ ಬಟ್ಟೆ ಕಟ್ಟಿ, ಅಲ್ಲಿನ ಶೀಟಿನ ಮನೆಯ ತೊಲೆಗೆ ನೇತುಹಾಕಿದರು. ಅದು ಅಲ್ಲೇ ಉಳಿಯಿತು.

ರಾಣಿಗೆ ಆ ಮನುಷ್ಯನ ಬಗ್ಗೆ ಗೊತ್ತಿದ್ದದ್ದು ಇಷ್ಟೇ. ಎಡಗೈಯಲ್ಲಿ ಮೂರು ಬೆರಳಿಲ್ಲ, ಮಂಡಿಯ ಅಟ್ಟದ ಮೇಲೆ ಮಲಗುತ್ತಾನೆ, ಹೆಂಗಸರು ಮಾತಾಡಿಸಿದರೆ ತಲೆ ತಗ್ಗಿಸುತ್ತಾನೆ. ಅವನಿಗೆ ಗರ್ವ ಅಂದುಕೊಂಡಿದ್ದಳು. ಈಗ ಅವನ ರಕ್ತ ಒಣಗಿದ ಸೀರೆಯನ್ನು ಒಗೆಯಲೂ ಆಗದೆ, ಬಿಸಾಡಲೂ ಆಗದೆ ಸುತ್ತಿಟ್ಟುಕೊಂಡಿದ್ದಳು.

"ಆದದ್ದು ಆಯ್ತು, ಬುಟ್ಬುಡು," ಅಂದಳು ತಾಯಿ.

"ಅವ್ನ್ಗೂ ಒಬ್ಬ ಅಕ್ಕನೋ ತಂಗೀನೋ ಇರ್ತಾರ ಕಣವ್ವ. ನನ್ನಿಂದ ಸತ್ತ ಅಂತ ನಾನು ಓಗಿ ಯೋಳ್ದೆ ಇದ್ರೆ ಇನ್ಯಾರು ಯೋಳ್ತಾರ?"

ಮಹಾದೇವಸ್ವಾಮಿಯನ್ನು ಕೇಳಿದಳು. ಅವರಿಗೂ ಊರು ಕೇರಿ ತಿಳಿಯದು. "ವರ್ಷಕ್ಕೊಂದ್ಸಲ, ದೀಪಾವಳಿ ಕಳುದ್ಮೇಲೆ, ನರಸೀಪುರದ ಬಸ್ ಅತ್ತೋನು. ಮಾರನೇ ದಿನ ಬಂದ್ರೆ ಜ್ವರ ಬಂದೋನಂಗೆ ಇರೋನು. ಅಷ್ಟೇ ಕಣಮ್ಮ ನನ್ಗ ಗೊತ್ತಿರದು," ಅಂದರು.

ನರಸೀಪುರದ ಬಸ್ಸುಗಳಲ್ಲಿ ವಿಚಾರಿಸಿದಾಗ ವಯಸ್ಸಾದ ಕಂಡಕ್ಟರೊಬ್ಬರು ಬೆರಳಿಲ್ಲದ ಕೈಯನ್ನು ನೆನೆಸಿಕೊಂಡರು. "ಟಿಕೆಟ್ ಈಸ್ಕಳೋಕೆ ಆ ಕೈನೇ ಚಾಚೋನು. ನಾಲೆ ಏರಿ ತಾವು ಇಳಿಸಿ ಅನ್ನೋನು. ಅಲ್ಲಿ ಬ್ಯಾರೆ ಯಾರೂ ಇಳಿಯಾಕಿಲ್ಲ, ಅದ್ಕೇ ಗ್ಯಾಪಕ."

ರಾಣಿ ಅಲ್ಲೇ ಇಳಿದಳು. ನಾಲೆ ಆಚೆಗೆ ಗದ್ದೆ ಬಯಲು, ಅದರ ತುದಿಗೆ ಹತ್ತಿಪ್ಪತ್ತು ಮನೆಗಳ ಒಂದು ಹುಂಡಿ. ಮೊದಲ ಮನೆಯಲ್ಲಿ ಹುಚ್ಚಯ್ಯ ಅಂದದ್ದೇ ತಡ, ಆಡುತ್ತಿದ್ದ ಮಾತು ನಿಂತಿತು. ಒಬ್ಬಳು ಬೀದಿಯ ಕೊನೆಯ ಮನೆಯತ್ತ ಕೈ ತೋರಿಸಿದಳು.

ಅದು ಅವನ ಅಕ್ಕ ರಾಚಮ್ಮನ ಮನೆ. ಅಂಗಳದಲ್ಲಿ ಭತ್ತ ಹರವುತ್ತಿದ್ದ ರಾಚಮ್ಮ ರಾಣಿಯ ಮಾತನ್ನೆಲ್ಲ ಕೇಳಿದಳು. ಕಾಲಲ್ಲಿ ಭತ್ತ ಎಳೆಯುವುದನ್ನು ನಿಲ್ಲಿಸಲಿಲ್ಲ.

"ನಮ್ಗ ಅವ್ನು ಸತ್ತು ಬಾಳ ಕಾಲ ಆಯ್ತು," ಅಂದಳು.

"ಬೂದಿ ಅಲ್ಲೇ ಅದೆ ಕಣಕ್ಕ. ನೀವು ಬಂದ್ರೆ..."

"ನಮ್ಮಪ್ಪನ್ನ ಜೈಲಲ್ಲಿ ಕೊಳ್ಸಿ ಸಾಯ್ಸ್ದೋನು ಅವ್ನು. ಅವ್ನ ಬೂದಿಗೆ ನಾನು ಕೈ ಒಡ್ಡಾಕಿಲ್ಲ." ರಾಚಮ್ಮ ಆಗ ನಿಂತು ಅವಳ ಮುಖ ನೋಡಿದಳು. "ನಿನ್ಗ ಒಳ್ಳೇದ್ ಮಾಡ್ದ ಅಂತ ಬಂದಿದ್ದೀಯ. ಅವ್ನು ಏನ್ ಮಾಡಿದ್ದ ಅಂತ ಗೊತ್ತಾ?"

ಗೊತ್ತಿಲ್ಲ ಎಂದು ರಾಣಿ ತಲೆಯಾಡಿಸಿದಳು. ರಾಚಮ್ಮ ಜಗುಲಿಯ ಮೇಲೆ ಕೂತು ಹೇಳಿದಳು. ಹೇಳುವಾಗ ಅಳಲಿಲ್ಲ.

ಮನೆಯ ಕಿರಿಯ ಮಗಳು ಶಾಲಿನಿ. ತಾಯಿ ಬೇಗ ತೀರಿಕೊಂಡದ್ದರಿಂದ ಅವಳನ್ನು ಹೆಗಲ ಮೇಲೆ ಹೊತ್ತು ಬೆಳೆಸಿದವನು ಹುಚ್ಚಯ್ಯ. ಸ್ಕೂಲಿಗೆ ಸೈಕಲ್ ಮೇಲೆ ಬಿಟ್ಟು ಬರುವವನೂ ಅವನೇ, ಜ್ವರ ಬಂದರೆ ನರಸೀಪುರದ ಆಸ್ಪತ್ರೆಗೆ ಹೊತ್ತು ಓಡುವವನೂ ಅವನೇ. ಶಾಲಿನಿ ದೊಡ್ಡವಳಾಗಿ ನರಸೀಪುರಕ್ಕೆ ಹೊಲಿಗೆ ಕಲಿಯಲು ಹೋದಳು. ಅಲ್ಲಿ ಟೈಲರ್ ಚೆಲುವರಾಜುವನ್ನು ಮೆಚ್ಚಿ, ರಿಜಿಸ್ಟರ್ ಆಫೀಸಿನಲ್ಲಿ ಮದುವೆಯಾದಳು. ಚೆಲುವರಾಜು ಬೇರೆ ಜಾತಿಯವನು. ಈ ಹುಂಡಿಯವರು ಅವರ ಕೇರಿಯಲ್ಲಿ ನೀರು ಕುಡಿಯುತ್ತಿರಲಿಲ್ಲ.

ಅಪ್ಪ ನಾಗಯ್ಯ ಊಟ ಬಿಟ್ಟು ಕೂತ. ಚಿಕ್ಕಪ್ಪ ದಿನಾ ಬಂದು ಮಚ್ಚು ಮಸೆದ. ಟೀ ಅಂಗಡಿಯಲ್ಲಿ ಹುಚ್ಚಯ್ಯ ಕೂತರೆ ಪಕ್ಕದವರು ಎದ್ದು ಹೋಗುತ್ತಿದ್ದರು, ಒಬ್ಬ ಅವನ ಲೋಟಕ್ಕೆ ಉಗಿದ. ಹಿಂಗೇ ಕೆಲವು ತಿಂಗಳು ಕಳೆದ ಮೇಲೆ ಅಪ್ಪ ಮಗನನ್ನು ಕೂರಿಸಿಕೊಂಡು ಹೇಳಿದ: "ಮಡಿಲಕ್ಕಿ ತುಂಬಿ ಕಳಿಸ್ತೀವಿ ಅಂತ ಯೋಳಿ ಕರ್ಕಬಾ. ನೀನು ಕರುದ್ರೆ ಬತ್ತಾಳೆ."

ಅವಳು ಬಂದಳು. ಅಣ್ಣನ ಜೊತೆ ಬಸ್ಸಿಳಿದು, ಹಸಿರು ಸೀರೆ ಉಟ್ಟು, ನಾಲೆ ಏರಿಯ ಮೇಲೆ ನಡೆದು ಬಂದಳು. ಹೊಂಗೆ ಮರದ ಹತ್ತಿರ ಅಪ್ಪ, ಚಿಕ್ಕಪ್ಪ ನಿಂತಿದ್ದರು. ಹುಚ್ಚಯ್ಯ ಹಿಂದಿನಿಂದ ಅವಳ ಎರಡೂ ತೋಳು ಹಿಡಿದ. ಚಿಕ್ಕಪ್ಪ ಮೊದಲು ದೊಣ್ಣೆಯಲ್ಲಿ ಹೊಡೆದ, ಆಮೇಲೆ ಅಪ್ಪ. "ಅಣ್ಣ, ಬುಡು, ನೋಯ್ತದೆ," ಅಂದಳಂತೆ. ತೋಳು ನೋಯುತ್ತದೆ ಅಂದಳೋ ಏಟು ನೋಯುತ್ತದೆ ಅಂದಳೋ. ಅವನು ಬಿಡಲಿಲ್ಲ. ಮೂವರೂ ಸೇರಿ ಅವಳನ್ನು ನಾಲೆಗೆ ನೂಕಿದರು.

"ಊರ್ಗೂರೇ ಬಾಯಿ ಮುಚ್ಕಂಡಿತ್ತು," ಅಂದಳು ರಾಚಮ್ಮ. "ಕಾಲು ಜಾರಿ ಬಿದ್ಲು ಅಂದಿದ್ರೆ ಮುಗುದೋಗದು. ಎಣ ಸಿಕ್ಕೋಕೂ ಮುಂಚೆ ಇವ್ನು ಸ್ಟೇಷನ್ಗೆ ನಡ್ಕಂಡೋಗಿ ಎಲ್ಲಾನೂ ಬಡ್ಕಂಡ. ಕೋರ್ಟಲ್ಲಿ ಲಾಯರು ಬ್ಯಾರೆ ತರ ಯೋಳು ಅಂದ್ರೆ ಕೇಳ್ನಿಲ್ಲ. ಅಪ್ಪ ಇಲ್ಲಿ ಒಡೆದ, ಚಿಕ್ಕಪ್ಪ ಇಲ್ಲಿ ಒಡೆದ, ನಾನು ಇಡ್ಕಂಡಿದ್ದೆ, ನನ್ಗ ಮೊದ್ಲೇ ಗೊತ್ತಿತ್ತು ಅಂದ. ಮೂವರ್ಗೂ ಜೀವಾವಧಿ. ಅಪ್ಪ ಒಳಗೇ ಸತ್ತ."

ರಾಣಿ ಕೇಳಿದಳು: "ನಿಮ್ ತಂಗಿ ಸತ್ತದ್ದಕ್ಕೆ ನಿಮ್ಗ ಏನೂ ಅನ್ನಿಸಾಕಿಲ್ವಾ?"

"ಒಂದ್ಸಲ ಕೊಂದ. ಆಮೇಲೆ ಬಾಯ್ಬುಟ್ಟು ಉಳ್ದೋರ್ನೂ ಕೊಂದ. ಯಾವ್ದುಕ್ ಅಳ್ಲಿ ನಾನು?" ರಾಚಮ್ಮ ಎದ್ದಳು. "ಬಿಡುಗಡೆ ಆಗಿ ಬಂದಾಗ ಬಾಗ್ಲು ಆಕ್ಕಂಡೆ. ಚಿಕ್ಕಪ್ಪನ ಮಕ್ಳು ಕಲ್ಲು ಒಡ್ದು ಓಡ್ಸುದ್ರು. ಅವ್ನ ಬೂದಿ ಬೇಕು ಅನ್ನೋರು ಈ ಊರಲ್ಲಿ ಇಲ್ಲ. ನರಸೀಪುರದಲ್ಲಿ ಆ ಟೈಲರ್ ಇದ್ದಾನಲ್ಲ, ಅವ್ನ ಕೇಳು ಓಗು."

ಬಂದ ದಾರಿಯಲ್ಲೇ ರಾಣಿ ಹಿಂದಿರುಗಿದಳು. ನಾಲೆ ಏರಿಯ ಮೇಲೆ ಹೊಂಗೆ ಮರ ಕಂಡ ಕೂಡಲೆ ಏರಿ ಇಳಿದು, ಗದ್ದೆಯ ಬದುವಿನಲ್ಲಿ ಅದನ್ನು ಬಳಸಿ ನಡೆದಳು. ಒಬ್ಬಳನ್ನು ಸಾಯಿಸಲು ಹಿಡಿದ ಕೈ, ಇನ್ನೊಬ್ಬಳು ಉಳಿಯಲೆಂದು ಹಿಡಿದ ಕೈ, ಎರಡೂ ಒಂದೇ. ಮನೆಗೆ ಹೋಗಿಬಿಡೋಣ ಅನ್ನಿಸಿತು. ಆದರೆ ನರಸೀಪುರದ ಬಸ್ಸು ಮೊದಲು ಬಂತು, ಹತ್ತಿಕೊಂಡಳು.

ಚೆಲುವರಾಜುವಿನ ಅಂಗಡಿ ಮಾರ್ಕೆಟ್ಟಿನ ಹಿಂದಿನ ಬೀದಿಯಲ್ಲಿತ್ತು. ತಲೆ ನರೆತ, ಸಣಕಲು ಮೈಯ ಮನುಷ್ಯ. ಮತ್ತೆ ಮದುವೆಯಾಗಿರಲಿಲ್ಲ. ರಾಣಿ ತಾನು ಯಾರೆಂದು ಹೇಳಿ, ಹುಚ್ಚಯ್ಯ ಸತ್ತ ಬಗೆಯನ್ನೂ ಬೂದಿ ಹಾಗೇ ಉಳಿದಿರುವುದನ್ನೂ ಹೇಳಿದಳು. ಅವನ ಕಾಲು ಮೆಷಿನ್ನಿನ ಮೇಲೆ ನಿಂತಿತು.

"ಬಾಳ ಹೊತ್ತು ನರಳ್ದನಾ?" ಅಂತ ಕೇಳಿದ.

ರಾಣಿ ಇದ್ದದ್ದನ್ನೇ ಹೇಳಿದಳು. "ಸ್ವಲ್ಪ ಹೊತ್ತು ಸಾ."

"ನನ್ನ ಎಂಡ್ತಿ ಬಾಳ ಹೊತ್ತು ನರಳುದ್ಲು. ಕೋರ್ಟಲ್ಲಿ ಅವ್ನೇ ಯೋಳ್ದ. ಯಾರೂ ಕೇಳಿರ್ನಿಲ್ಲ, ಆದ್ರೂ ಯೋಳ್ದ. ನಾನು ಎದುರುಗೇ ಕೂತಿದ್ದೆ."

ಅವನು ಕತ್ತರಿ ಎತ್ತಿ ಪಕ್ಕಕ್ಕಿಟ್ಟ. ಜೈಲಿಂದ ಬಿಟ್ಟ ವಾರದಲ್ಲೇ ಹುಚ್ಚಯ್ಯ ಈ ಅಂಗಡಿಯ ಮುಂದೆ ಬಂದು ನಿಂತನಂತೆ. ಬಂದದ್ದು ಯಾಕೆ ಅಂತ ಚೆಲುವರಾಜುವಿಗೆ ತಿಳಿಯಿತು, ಏಟು ತಿನ್ನುವುದಕ್ಕೇ ಬಂದಿದ್ದ. ಬಟ್ಟೆ ಅಳೆಯುವ ಕಬ್ಬಿಣದ ಗಜ ತಗೊಂಡು ತಲೆಗೆ, ಮೊಣಕಾಲಿಗೆ, ಎಲ್ಲಿ ಸಿಕ್ಕಿತೋ ಅಲ್ಲಿಗೆ ಹೊಡೆದ. ಅವನು ಬಿದ್ದಾಗ ಕೈ ಅಂಗಡಿ ಹೊಸ್ತಿಲ ಮೇಲಿತ್ತು. ಚೆಲುವರಾಜು ಶಟರ್ ಎಳೆದು ಆ ಕೈ ಮೇಲೆ ಬಿಟ್ಟ. ಬಿಟ್ಟು, ಶಟರಿನ ಮೇಲೆ ಕಾಲಿಟ್ಟು ತುಳಿದ. ಮೂರು ಬೆರಳು ಹೋದವು.

"ಆಸ್ಪತ್ರೇಲಿ ಮೆಷಿನ್ಗೆ ಸಿಕ್ತು ಅಂತ ಯೋಳ್ದನಂತೆ. ನನ್ ಮ್ಯಾಲೆ ಕಂಪ್ಲೇಂಟ್ ಕೊಡ್ನಿಲ್ಲ. ಕೊಡ್ಲಿ ಅಂತಾನೇ ಕಾದಿದ್ದೆ." ಚೆಲುವರಾಜು ತನ್ನ ಕೈಗಳನ್ನು ನೋಡಿಕೊಂಡ. "ಅವನ್ಗೆ ಒಡುದ್ರೆ ನನ್ಗ ಅಗುರ ಆಯ್ತದೆ ಅನ್ಕಂಡಿದ್ದೆ. ಆಗ್ನಿಲ್ಲ. ಆಮೇಲೆ ಅಂಗಡಿ ತಾಕೆ ಬರ್ನಿಲ್ಲ ಅವ್ನು. ಅವ್ಳು ಓದ ದಿನ ನಾಲೆ ಏರಿ ಮ್ಯಾಲೆ ಕೂತಿರೋನು. ನಾನೂ ಓಗ್ತೀನಿ ಆವತ್ತು. ಅವ್ನು ಆ ದಡ, ನಾನು ಈ ದಡ. ಓದ್ವರ್ಷ ಒಂದ್ ಕಲ್ಲು ಬೀಸ್ದೆ. ಅಣೆಗೆ ಬಿತ್ತು. ಒರೆಸ್ಕಂಡು ಅಂಗೇ ಕೂತಿದ್ದ."

ರಾಣಿ ಅಲ್ಲಿಗೆ ಬರುವಾಗ ಬೂದಿಯನ್ನು ಏನು ಮಾಡಲಿ ಅಂತ ಕೇಳಬೇಕೆಂದಿದ್ದಳು. ಕೇಳುವ ಮೊದಲೇ ಅವನೇ ಹೇಳಿದ.

"ನೀನು ಉಳ್ಕಂಡದ್ದು ಒಳ್ಳೇದಾಯ್ತು ಕಣಮ್ಮ. ಅದು ಬ್ಯಾರೆ, ಇದು ಬ್ಯಾರೆ. ಅವ್ನ ಬೂದಿನ ನಮ್ಮೂರ ಒಳೆ ಸಂಗಮಕ್ಕೆ ಮಾತ್ರ ತರ್ಬೇಡ. ಅವ್ಳ ಬೂದಿ ನಾನು ಅಲ್ಲೇ ಬುಟ್ಟಿರದು."

ಆಮೇಲೆ ರಾಣಿ ಬಹಳ ಕಾಲ ಸುಡುಗಾಡಿನ ಕಡೆ ತಲೆ ಹಾಕಲಿಲ್ಲ. ರಕ್ತದ ಸೀರೆಯನ್ನು ಹಿತ್ತಿಲಲ್ಲಿ ಸುಟ್ಟಳು. ಮಂಡಿಯಲ್ಲಿ ಯಾರಾದರೂ ಹುಚ್ಚಯ್ಯನನ್ನು ದೇವರಂಥವನು ಅಂದರೆ ಎದ್ದು ಆಚೆ ಹೋಗುತ್ತಿದ್ದಳು. ಕೆಲವು ದಿನ ಅವನ ಮೇಲೆ ಎಷ್ಟು ಸಿಟ್ಟು ಬರುತ್ತಿತ್ತೆಂದರೆ, ಇಂಥವನ ಪ್ರಾಣ ತನಗೆ ಯಾಕೆ ಬೇಕಿತ್ತು ಅನ್ನಿಸುತ್ತಿತ್ತು. ಮಗಳು ಬಂದು ತೊಡೆಯ ಮೇಲೆ ಮಲಗಿದರೆ ಆ ಸಿಟ್ಟು ನಿಲ್ಲುತ್ತಿರಲಿಲ್ಲ, ಆದರೆ ಅದರ ಜೊತೆಗೆ ಇನ್ನೇನೋ ಬಂದು ಕೂರುತ್ತಿತ್ತು.

ಕೇಸು ಮೈಸೂರಿನ ಕೋರ್ಟಿಗೆ ಬಂದಾಗ ಕುಮಾರನ ತಮ್ಮ ನಂಜೇಶ್ ನಲ್ಲಿಯ ಹತ್ತಿರ ಅವಳನ್ನು ಅಡ್ಡಗಟ್ಟಿದ. ಹುಚ್ಚಯ್ಯನ ಹಳೇ ಕತೆ ಅಷ್ಟರಲ್ಲಿ ಎಲ್ಲರಿಗೂ ತಿಳಿದಿತ್ತು.

"ಅವ್ನೇ ಮೊದ್ಲು ಮಚ್ಚು ಎತ್ತುದ್ದು ಅನ್ನು. ಜೈಲಿಂದ ಬಂದ ಕೊಲೆಗಾರ, ಯಾರ್ ಕೇಳ್ತಾರೆ ಅವ್ನ್ಗೋಸ್ಕರ?"

"ನಾನು ಅಂಗನ್ನಾಕಿಲ್ಲ."

ನಂಜೇಶ್ ಅವಳ ಜುಟ್ಟು ಹಿಡಿದು ಮುಖವನ್ನು ಸಿಮೆಂಟಿನ ಕಟ್ಟೆಗೆ ಗುದ್ದಿಸಿದ. ಬಾಯಿ ತುಂಬ ರಕ್ತ ಬಂತು. ಅಕ್ಕಪಕ್ಕದ ಹೆಂಗಸರು ಕೊಡ ಎತ್ತಿಕೊಂಡು ಬಂದು ಅವನ ತಲೆಗೆ ಚಚ್ಚಿದ ಮೇಲೆ ಬಿಟ್ಟು ಓಡಿದ. ರಾಣಿ ಅದೇ ಒಡೆದ ತುಟಿಯಲ್ಲಿ ಸ್ಟೇಷನ್ನಿಗೆ ಹೋಗಿ ದೂರು ಕೊಟ್ಟಳು. ತುಟಿಗೆ ಹಾಕಿದ ಹೊಲಿಗೆ ಬಿಚ್ಚುವ ಮೊದಲೇ ಸಾಕ್ಷಿ ಕಟಕಟೆಯಲ್ಲಿ ನಿಂತಳು.

ಕುಮಾರನ ವಕೀಲರು ಅವಳನ್ನು ಕೇಳಿದರು, ಸತ್ತವನು ಸ್ವಂತ ತಂಗಿಯನ್ನು ಕೊಂದವನು ಅಂತ ನಿಮಗೆ ಗೊತ್ತೇ?

"ಗೊತ್ತು. ಅವನ ಊರಿಗೇ ಹೋಗಿ ಕೇಳಿಕೊಂಡು ಬಂದಿದ್ದೀನಿ. ಅವನು ಕೊಂದಿದ್ದ." ಕುಮಾರನ ಕಡೆ ಕೈ ತೋರಿಸಿದಳು. "ಆವತ್ತು ಮಂಡೀಲಿ ಕೊಂದೋನು ನನ್ನ ಗಂಡ."

ಕುಮಾರನಿಗೆ ಜೀವಾವಧಿ ಆಯಿತು. ಅಪೀಲು ಇನ್ನೂ ನಡೆಯುತ್ತಿದೆ. ನಂಜೇಶ್ ಒಮ್ಮೊಮ್ಮೆ ಮಂಡಿಯ ಗೇಟಿನ ಹತ್ತಿರ ಬೈಕ್ ನಿಲ್ಲಿಸಿಕೊಂಡು ನೋಡುತ್ತಾನೆ. ಅವನನ್ನು ಕಂಡರೆ ರಾಣಿ ಕೈಯಲ್ಲಿದ್ದ ಮಚ್ಚನ್ನು ಕೆಳಗಿಡುವುದಿಲ್ಲ.

ತೀರ್ಪು ಬಂದ ಮೇಲೆ ಒಂದು ಸಂಜೆ ಅವಳು ಸುಡುಗಾಡಿಗೆ ಹೋದಳು. ಶೀಟಿನ ಮನೆಯಲ್ಲಿ ಮಡಕೆ ಇನ್ನೂ ತೂಗುತ್ತಿತ್ತು. ಬಟ್ಟೆ ಧೂಳು ಹಿಡಿದು ಮಣ್ಣಿನ ಬಣ್ಣಕ್ಕೆ ತಿರುಗಿತ್ತು. ಅಲ್ಲಿನ ಕಾವಲುಗಾರ ಹೊಳೆಯ ಮೆಟ್ಟಿಲ ಕಡೆ ದಾರಿ ತೋರಿಸಿದ. ಅವಳು ಆ ಕಡೆ ಹೋಗಲಿಲ್ಲ. ಕಪಿಲೆಗೆ ಬಿಟ್ಟರೆ ನೀರು ಹರಿದು ಸೇರುವುದು ನರಸೀಪುರದ ಸಂಗಮಕ್ಕೇ. ದಡದಿಂದ ಮೇಲೆ, ಪ್ರವಾಹದ ನೀರೂ ಹತ್ತದ ಜಾಗದಲ್ಲಿ, ಸನಿಕೆ ಇಸಕೊಂಡು ಮೊಣಕಾಲುದ್ದ ಗುಂಡಿ ತೆಗೆದಳು. ಬೂದಿ ಸುರಿದಳು. ಮೂಳೆಯ ಚೂರುಗಳು ಬೂದಿಗಿಂತ ಮುಂಚೆ ಕೆಳಗೆ ಬಿದ್ದವು. ಕೈ ಮುಗಿಯಲಿಲ್ಲ, ಬಯ್ಯಲೂ ಇಲ್ಲ. ಮಣ್ಣು ಎಳೆದು, ನಾಯಿ ಕೆದರದ ಹಾಗೆ ಕಲ್ಲು ಹೇರಿ, ಅಲ್ಲೇ ಬೇಲಿಯ ಪಕ್ಕ ಕೂತು ಚೆಲುವರಾಜುವಿಗೆ ಫೋನ್ ಮಾಡಿದಳು.

"ನೀರ್ಗ ಬುಡ್ನಿಲ್ಲ ಸಾ. ಮಣ್ಣಿಗ ಆಕ್ದೆ."

ಆ ಕಡೆ ಮೆಷಿನ್ ಓಡುವ ಸದ್ದು ನಿಂತಿತು.

"ಆಳವಾಗಿ ತೆಗ್ದಾ?" ಅಂದ ಚೆಲುವರಾಜು.

"ಊಂ ಸಾ."

"ಸರಿ," ಅಂದು ಫೋನ್ ಇಟ್ಟ.